ಕತ್ತರಿಸುವ ಮುಂಚೆ ಒಂದು ಗೆರೆ

ಹೊಳಲ್ಕೆರೆ ರಸ್ತೆಯ ದಾದಾಪೀರನ ಗುಜರಿಯಿಂದ
ಮೊದಲು ಬಂದದ್ದು ಬುಡ ಮಾತ್ರ:
ಚಾಸಿ, ಎರಡು ಮಡ್‌ಗಾರ್ಡು,
ನಂಬರು ಅಳಿಸಿಹೋದ ಒಂದು ತಗಡು.
ಟ್ರೇಲರಿನಲ್ಲಿ ಅಂಗಾತ ಮಲಗಿ ಬಂದದ್ದನ್ನು ನೋಡಿ
ಎದುರು ಮನೆ ಕಾಟಮ್ಮ ಕೇಳಿದಳು,
'ಏನವ್ವಾ, ಯಾರದಿದು ಬಾಡಿ?'

ಗಂಡನ ಹೆಸರು ಹೇಳಬಾರದು ಅಂತಾರೆ. ಗಾದ್ರಪ್ಪ.
ಡಿಪೋದಲ್ಲಿ ಮೂವತ್ತೊಂದು ವರ್ಷ
ಬಸ್ಸುಗಳ ಹೊಟ್ಟೆಯಡಿ ಮಲಗಿದವನು.
ರಿಟೈರಾದ ಮೇಲೆ ಚಾಪೆಯ ಮೇಲೆ ನಿದ್ದೆ ಹತ್ತದು,
ಮುಖದ ಮೇಲೊಂದು ತೊಟ್ಟು ಆಯಿಲ್ ಬೀಳಬೇಕಂತೆ.

ಆಮೇಲೆ ಒಂದೊಂದಾಗಿ ಬಂದವು.
ಹಿರಿಯೂರಿನ ಹತ್ತಿರ ಪಲ್ಟಿಯಾದ ಪಿಕಪ್ಪಿನ ಗೇರ್‌ಬಾಕ್ಸು,
ಮೈಗೆಲ್ಲ ಟೊಮೆಟೊ ಬೀಜ ಒಣಗಿ ಅಂಟಿತ್ತು.
ಬಾವಿ ತೋಡುವವರ ಕ್ರೇನಿನ ವಿಂಚು, ಹಗ್ಗದ ಸಮೇತ.
ಗುಡ್ಡದ ಗಾಳಿಫ್ಯಾನಿನ ಬುಡದ್ದು, ಮೊಳ ಉದ್ದದ ಬೋಲ್ಟು.
ಇದೆಲ್ಲಿಗೆ ಅಂದರೆ,
'ಇರಲಿ ಬಿಡು, ಎಲ್ಲಿಗಾದರೂ ಆಗುತ್ತೆ.'
ಲಾರಿಯದೊಂದು ಸ್ಟೀರಿಂಗು,
ಗಡಿಯಾರದಲ್ಲಿ ಹತ್ತು ಗಂಟೆ ಇರುವ ಜಾಗದಲ್ಲಿ ಸವೆದು ಗುಳಿ ಬಿದ್ದಿತ್ತು.
ನನ್ನ ಹೆಬ್ಬೆರಳು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.
ಯಾರದೋ ಬೆರಳು. ಎಷ್ಟು ಊರು, ಎಷ್ಟು ರಾತ್ರಿ.
ಕೈ ತೆಗೆದುಬಿಟ್ಟೆ.

ಇಡ್ಲಿ ಪಾತ್ರೆಯಲ್ಲಿ ಬೇರಿಂಗುಗಳು
ಸೀಮೆಎಣ್ಣೆ ಕುಡಿಯುತ್ತ ಕೂತವು.
ಬೈದದ್ದಕ್ಕೆ ಬೇರೆ ಪಾತ್ರೆ ತಂದುಕೊಟ್ಟ,
ಅದೂ ದಾದಾಪೀರನ ಹತ್ತಿರದ್ದೇ.
ವೆಲ್ಡಿಂಗ್ ಹಚ್ಚಿದರೆ ನನ್ನ ಹೊಲಿಗೆ ಮಿಷನ್ನಿನ ದೀಪ ಮಂಕು,
ಯಾರದೋ ಮದುವೆಯ ಬ್ಲೌಸು
ಒಂದೇ ತೋಳಿನಲ್ಲಿ ಕಾಯುತ್ತಿತ್ತು.

ಪಿಕಪ್ಪಿನ ಗೇರ್‌ಬಾಕ್ಸು ಜೀಪಿಗೆ ಒಂದು ಗೇಣು ಉದ್ದ.
ಹಿಂಚಕ್ರಕ್ಕೆ ಹೋಗುವ ಶಾಫ್ಟು ಅಷ್ಟೇ ಗಿಡ್ಡಾಗಬೇಕು.
ಒಂದು ಭಾನುವಾರ ಕತ್ತರಿಸಿದ, ಬೆಸೆದ, ಉಜ್ಜಿದ,
ಬೆಳ್ಳಿ ಬಣ್ಣ ಬಳಿದ.
ಬೆಸುಗೆ ಎಲ್ಲಿದೆಯೆಂದು ಕಣ್ಣಿಗೆ ಸಿಗದು.

ಮೊದಲ ಓಟ, ಕಲ್ಲುಕ್ವಾರಿಯ ದಾರಿ.
ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಹತ್ತಿದೆ.
ನಿಧಾನಕ್ಕೆ ಸರಿಯಿತ್ತು. ಮೂವತ್ತು ದಾಟಿದ್ದೇ
ತಳದಿಂದ ನಡುಕ ಎದ್ದು ಹಲ್ಲಿಗೆ ಹಲ್ಲು ತಾಗಿ
ಕನ್ನಡಿಯೊಳಗಿನ ಕೋಟೆ, ಬತೇರಿ, ಬಂಡೆ
ಎಲ್ಲ ಎರಡೆರಡಾದವು.

ಮೂರು ವಾರ ಹುಡುಕಿದ.
ಚಕ್ರ ಬಿಚ್ಚಿದ, ಸ್ಪ್ರಿಂಗ್ ಪಟ್ಟಿ ಬದಲಿಸಿದ,
ಎಂಜಿನ್ನಿನ ರಬ್ಬರಿಗೆ ಬೈದ, ದಾದಾಪೀರನಿಗೆ ಬೈದ,
ಸಾರಿಗೆ ಉಪ್ಪಿಲ್ಲ ಅಂದ.

ಒಂದು ಮಧ್ಯಾಹ್ನ, ಉರುಳಿಹೋದ ಬಾಬಿನ್ ಹುಡುಕುತ್ತ
ಜೀಪಿನಡಿ ತಲೆ ಹಾಕಿದೆ.
ಶಾಫ್ಟಿಗೆ ಈ ತುದಿಯಲ್ಲೊಂದು ಕವೆ, ಆ ತುದಿಯಲ್ಲೊಂದು ಕವೆ.
ಇದು ನೆಟ್ಟಗೆ ನಿಂತಿದೆ,
ಅದು ಓರೆಯಾಗಿ ಎತ್ತಲೋ ನೋಡುತ್ತಿದೆ.
ಅವಸರದಲ್ಲಿ ತಿರುಚಿ ಕೂರಿಸಿದ ತೋಳು ಹೀಗೇ:
ನಿಂತಾಗ ಚೆಂದ, ಕೈ ಎತ್ತಿದರೆ
ಕಂಕುಳಲ್ಲಿ ಹಿಡಿಯುತ್ತದೆ.

'ಕತ್ತರಿಸುವ ಮುಂಚೆ
ಆಚೆಗೂ ಈಚೆಗೂ ಸೇರಿ ಒಂದು ಗೆರೆ ಎಳೆದಿದ್ಯಾ?'
ಕೆಳಗೆ ನುಸುಳಿ ನೋಡಿದ. ಬಹಳ ಹೊತ್ತು
ಹೊರಗೆ ಬರಲಿಲ್ಲ.
ಎರಡು ಚಪ್ಪಲಿ ಮಾತ್ರ ಬಿಸಿಲಲ್ಲಿದ್ದವು.

ಮಾರನೇ ದಿನ ನನ್ನ ನೀಲಿ ಚಾಕ್‌ಪೀಸು ಕಾಣೆ.
ಸಂಜೆ ಅದರ ಜಾಗದಲ್ಲೇ ಇತ್ತು, ಗ್ರೀಸು ಮೆತ್ತಿಕೊಂಡು.
ಒರೆಸಿ ಇಡುವಷ್ಟು ದೊಡ್ಡವನಲ್ಲ,
ಕೇಳದೆ ಒಯ್ಯುವಷ್ಟು ಸಣ್ಣವನಾಗಿದ್ದ. ಇರಲಿ.

ಈಗ ನಲವತ್ತಕ್ಕೂ ನಡುಗುವುದಿಲ್ಲ.
ಕ್ವಾರಿಯ ಏರಿನಲ್ಲಿ ಸ್ಟೀರಿಂಗು ನನ್ನ ಕೈಗೆ ಕೊಟ್ಟು
ತಾನು ಕೆಳಗಿಳಿದು, ನೀರು ತುಂಬಿದ ಹಳ್ಳಕ್ಕೆ ಬೆನ್ನು ಮಾಡಿ,
'ಎಡಕ್ಕೆ, ಎಡಕ್ಕೆ, ಬಾ ಬಾ' ಅನ್ನುತ್ತಾನೆ
ಡಿಪೋಗೆ ಬಸ್ಸು ಕರೆದಂತೆ.
ನಾನು ಕೇಳುವುದು ತಳದ ಸದ್ದು.
ಸೀಟಿನಡಿ ಆ ಮೊಳ ಉದ್ದದ ಬೋಲ್ಟು
ಏರಿಗೆ ಹಿಂದಕ್ಕೆ, ಇಳಿಜಾರಿಗೆ ಮುಂದಕ್ಕೆ
ಉರುಳುತ್ತಲೇ ಇದೆ.